ಹತ್ತಕ್ಕೆ ಎಷ್ಟು

ತುಂಪಾಟ್ ಕಡೆಯ ಹೊಳೆಬಾಯಿ.
ಮೆಕ್ ಜೈತೂನಳ ಮನೆ ಮೆಟ್ಟಿಲ ಮೇಲೆ
ನನ್ನ ನಲವತ್ತು ಪ್ರಶ್ನೆ ಬಿಚ್ಚಿ ಕೂತೆ.
ಮೊದಲನೆಯದು: ನಿಮ್ಮ ನೆಮ್ಮದಿಗೆ
ಹತ್ತಕ್ಕೆ ಎಷ್ಟು ಕೊಡುತ್ತೀರಿ?

ತಡಿ ಮಗಾ, ಅಸರ್ ಹೊತ್ತು ಮೀರುತ್ತದೆ.
ಆಚೆ ದಡ ಕಾಣದಷ್ಟು ನೀರು ಎದುರಿಗೆ;
ಅವಳು ತೆಂಗಿನ ಚಿಪ್ಪಲ್ಲಿ ಅಳೆದು ಮೊಗೆದು
ಮುಖ, ಮೊಣಕೈ, ಪಾದ ತೊಳೆದು
ಉಳಿದ ಗುಟುಕನ್ನು ಹೊಳೆಗೇ ಬಗ್ಗಿಸಿದಳು
ಕೈಗಡ ತೀರಿಸುವಂತೆ.
ಇಷ್ಟೊಂದು ಇದೆಯಲ್ಲ, ಎಂದೆ.
ಇದೆ. ನನ್ನದಲ್ಲ.

ಪ್ರಶ್ನೆ ಒಂಬತ್ತು, ಆಸ್ತಿ.
ಹಿತ್ತಿಲ ದುರಿಯಾನ್ ಮರ ಬರೆಯಲೇ?
ಬೇಡ, ಅಜ್ಜ ವಕಫ್ ಮಾಡಿದ್ದು ಅದು.
ಬಿದ್ದ ಹಣ್ಣು ದಾರಿಹೋಕರಿಗೆ,
ಮಾರಿದ್ದು ಸೂರಾವಿನ ದೀಪಕ್ಕೆ,
ಮುಳ್ಳುಸಿಪ್ಪೆ ಗುಡಿಸುವುದು ನನಗೆ.

ಹೋದ ತಿಂಗಳು ಸಿಗಡಿ ಹೊಂಡದವರು ಬಂದಿದ್ದರಂತೆ,
ಕೆಳಗಿನ ಕಾಂಡ್ಲಾಕಾಡಿಗೆ ಒಳ್ಳೆ ಬೆಲೆ.
ಊರವರೆಲ್ಲ ಸೇರಿ ಮಾತಾಡಿದರು.
ದೋಣಿ ಸೋರುತ್ತಿತ್ತು, ಸೊಸೆಗೂ ಮನಸ್ಸಿತ್ತು,
ಸುಳ್ಳೇಕೆ, ನನಗೂ ಒಂದು ರಾತ್ರಿ.
ಆದರೆ ಬಾವಲಿ ಉಣ್ಣುವುದು ಅಲ್ಲಿನ ಹೂವಲ್ಲಿ,
ಆಮೇಲೆ ಇಲ್ಲಿ ಬಂದು
ದುರಿಯಾನ್ ಹೂವಿಗೆ ಬಾಯಿಡುತ್ತದೆ.
ಅದರ ಅನ್ನದ ತಟ್ಟೆ ಮಾರಿಬಿಟ್ಟು
ಅಜ್ಜನಿಗೆ ಯಾವ ಮುಖ ತೋರಿಸಲಿ?

ನಮೂನೆಯಲ್ಲಿ ಬಾವಲಿಗೆ ಖಾನೆಯಿರಲಿಲ್ಲ.
ಅಂಚಿನಲ್ಲಿ ಬರೆದೆ, ಸಣ್ಣಕ್ಷರದಲ್ಲಿ.
ಕತ್ತಲಾಗುತ್ತಿತ್ತು. ಮತ್ತೆ ಕೇಳಿದೆ:
ಹತ್ತಕ್ಕೆ ಎಷ್ಟು?

ಮಂಡಿನೋವಿಗೆ ಎರಡು ಕಳೆ, ಎಂದಳು,
ದೋಣಿಗೆ ಒಂದು.
ಉಳಿದದ್ದು ನನಗೆ ಲೆಕ್ಕ ಬಾರದು.
ಮೀನು ಆರುತ್ತಿದೆ, ಕೈ ತೊಳಿ.
ಚಿಪ್ಪು ಅಲ್ಲೇ ಇದೆ ನೋಡು.