ನಲವತ್ತೊಂದರ ಒಂದು

ವರ್ಷಕ್ಕೊಮ್ಮೆ, ನವೆಂಬರಿನ ಮೊದಲ ವಾರ,
ಸೊನ್ನೆ ನಂಬರಿನ ಕುಂಚ, ಕಾಲು ಲೀಟರು ಕರಿ ಎನಾಮಲ್ಲು,
ಒಂದು ಬಕೆಟ್ಟು ನೀರು, ಸವೆದ ಹಲ್ಲುಜ್ಜುವ ಬ್ರಷ್ಷು ಹಿಡಿದು
ಕಂಟೋನ್ಮೆಂಟಿನ ಆ ಸರ್ಕಲ್ಲಿಗೆ ಹೋಗುತ್ತೇನೆ
ಸತ್ತವರ ಹೆಸರಿಗೆ ಬಣ್ಣ ತುಂಬಲು.
ಕಂತ್ರಾಟು ನನ್ನದು. ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ.

ಮೇಲೆ ಕಂಚಿನ ಸಿಪಾಯಿ. ತಲೆ ತಗ್ಗಿಸಿ,
ಕೋವಿಯ ಬಾಯಿ ನೆಲಕ್ಕೂರಿ, ಹಿಡಿಯ ಮೇಲೆ ಎರಡೂ ಕೈ.
ಹಾಗೆ ನಿಲ್ಲುವುದು ಶೋಕದ ಕವಾಯತು
ಎಂದು ಹೇಳಿಕೊಟ್ಟವರು ಸುಬೇದಾರ್ ಜ್ಞಾನಮುತ್ತು,
ಪ್ರತಿಸಲ ಬಂದು ನನ್ನ ಕೆಲಸದಲ್ಲಿ ತಪ್ಪು ಹುಡುಕುವವರು.
ಹಡಗಿನಲ್ಲಿ ಮದ್ರಾಸಿಗೆ, ರೈಲಿನಲ್ಲಿ ಇಲ್ಲಿಗೆ
ಹುಲ್ಲು ತುರುಕಿದ ಪೆಟ್ಟಿಗೆಯಲ್ಲಿ ಮಲಗಿ ಬಂದನಂತೆ ಇವನು.
ಮೀಸೆ ನಮ್ಮದು, ಮೂಗು ಅವರೂರಿನದು.
ಹುಲ್ಲನ್ನು ಜಟಕಾ ಕುದುರೆಗಳು ತಿಂದವು.

ಕೆಳಗಿನ ಕಲ್ಲು ಮಾತ್ರ ಕೊಯಿರದ್ದು.
ಮುತ್ತಜ್ಜ ಪಿಳ್ಳಪ್ಪ ಕೆತ್ತಿದ್ದು.
ಇಂಗ್ಲಿಷು ಬಾರದು. ಸಾಹೇಬ ಬರೆದುಕೊಟ್ಟ ಕಾಗದವನ್ನು
ರಂಗೋಲಿಯ ಹಾಗೆ ನೋಡಿ ನೋಡಿ ಇಳಿಸಿದ.
ಒಂದಕ್ಷರ ಅವನಿಗೆ ನೊಗ, ಒಂದು ಕುಡುಗೋಲು,
ಇನ್ನೊಂದು ಅಡ್ಡಪಟ್ಟಿ ಬಡಿದ ಗುಡಿಸಲು.
ರಾತ್ರಿ ಮುದ್ದೆ ಮುರಿಯುತ್ತ ಹೇಳುತ್ತಿದ್ದನಂತೆ:
‘ಇವತ್ತು ಏಳು ಕುಡುಗೋಲು, ಮೂರು ನೊಗ ಆಯ್ತು.’

ಅವನಿಗೆ ಗೊತ್ತಿದ್ದ ಕಲ್ಲು ಬೇರೆ:
ಕೆರೆ ಏರಿಯ ಮೇಲೆ ದನ ಮೈ ಉಜ್ಜುವ ವೀರಗಲ್ಲು.
ಕೆಳಗಿನ ಅಂಕಣದಲ್ಲಿ ತುರುಗಳ್ಳರು, ಬಾಣ, ಬಿದ್ದವನು;
ನಡುವೆ ಅವನ ಕಂಕುಳಿಗೆ ಕೈಕೊಟ್ಟು ಎತ್ತುವ ಅಪ್ಸರೆಯರು;
ಮೇಲೆ ಲಿಂಗ, ನಂದಿ, ಕೈಮುಗಿದು ಕೂತ ಅದೇ ಮನುಷ್ಯ,
ಮೈಮೇಲೆ ಒಂದು ಗಾಯವಿಲ್ಲ.
ನೆತ್ತಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವ ತನಕ ಇವನೂ.
ಯಾರ ಮಗ, ಯಾವ ಹಸುವಿಗಾಗಿ ಸತ್ತ,
ಕೊಟ್ಟ ಗದ್ದೆ ಎಷ್ಟು ಕೊಳಗ, ಅಳಿಸಿದವನಿಗೆ ಯಾವ ಪಾಪ,
ಎಲ್ಲ ಒಂದಾಳೆತ್ತರದಲ್ಲಿ.

‘ಸತ್ತೋರು ಎಲ್ಲಿಗೆ ಹೋದ್ರು ಅನ್ನೋದೇ ಇಲ್ವಲ್ಲ ಸ್ವಾಮಿ ಇದರಲ್ಲಿ?’
ಸಾಹೇಬನನ್ನು ಕೇಳಿದನಂತೆ.
ದುಭಾಷಿ ನಕ್ಕ. ದಾಟಿಸಲಿಲ್ಲ.

ಹೆಸರುಗಳು ಮುಗಿದ ಮೇಲೆ ಕೊನೆಯ ಸಾಲು:
ಮತ್ತು ಹಿಂಬಾಲಕರು, 41.
ಕುದುರೆ ತೊಳೆದವರು, ಹೇಸರಗತ್ತೆ ಹೊಡೆದವರು,
ತೊಗಲ ಚೀಲದಲ್ಲಿ ನೀರು ಹೊತ್ತವರು, ರೊಟ್ಟಿ ತಟ್ಟಿದವರು.
ಗುಂಡಿಗೆ ಅವರ ಹುದ್ದೆ ತಿಳಿಯಲಿಲ್ಲ.

ಪರದೆ ಸರಿದ ಮಾರನೆಯ ದಿನ, ಬ್ಯಾಂಡು ಹೋದ ಮೇಲೆ,
ಖಾಸಿಂಬಿ ಬಂದಳು, ಲಾಯದ ಬುಡೇನ್ ಸಾಬನ ಹೆಂಡತಿ.
‘ನಮ್ಮೋರು ಎಲ್ಲಿದಾರೆ, ತೋರ್ಸಣ್ಣ.’
ಅಕ್ಷರ ಬಾರದ ಮುತ್ತಜ್ಜನಿಗೆ ಅಂಕೆ ಬರುತ್ತಿತ್ತು,
ಅಡಿ ಅಂಗುಲ ಅಳೆದ ಕಸುಬು.
ಅವಳ ತೋರುಬೆರಳು ಹಿಡಿದು
ನಾಲ್ಕನ್ನು ದಾಟಿಸಿ ಒಂದರ ಮೇಲಿಟ್ಟ.
‘ಇವನೇ ಕಣಮ್ಮ.’
ಮೇಲಿಂದ ಕೆಳಕ್ಕೆ ಬಹಳ ಹೊತ್ತು ಸವರಿದಳು.
‘ನೆಟ್ಟಗೇ ನಿಂತವ್ರೆ’ ಅಂದಳು.

ಹೋದ ವರ್ಷ ಮೆಟ್ರೊಗೆ ಜಾಗ ಬೇಕಾಯಿತು.
ಸಿಪಾಯಿಯನ್ನು ಟಾರ್ಪಾಲಿನಲ್ಲಿ ಸುತ್ತಿ ಮಲಗಿಸಿದರು, ಎರಡನೆಯ ಸಲ.
ಕ್ರೇನು ಕಲ್ಲನ್ನೆತ್ತಿತು.
ನೂರು ವರ್ಷ ಮಣ್ಣನ್ನೇ ನೋಡುತ್ತಿದ್ದ ತಳ
ಗಾಳಿಯಲ್ಲಿ ಮೆಲ್ಲಗೆ ತಿರುಗಿ ಕೆಮ್ಮಣ್ಣು ಉದುರಿಸಿತು:
ಒಂದು ದುಂಡು, ಪಕ್ಕದಲ್ಲೊಂದು ಕುಡುಗೋಲು.
ಅಲ್ಲ, ಚಂದ್ರ.
ಅವುಗಳ ಕೆಳಗೆ ಸಾಲು ಸಾಲು ಗುಳಿ.
‘ಬೆಣೆ ಹೊಡೆದ ಗುರುತು, ಕಲ್ಲು ಸೀಳೋಕೆ’ ಎಂದ ಇಂಜಿನಿಯರು.
ಇರಬಹುದು. ಬೆಣೆಯ ಗುಳಿ ಅಂಚಿನಲ್ಲಿರುತ್ತದೆ, ಇರಲಿ.
ಬಗ್ಗಿ ಎಣಿಸಿದೆ. ಮೂವತ್ತೊಂಬತ್ತು.
ಎರಡು ಕಡೆ ಬೆಲ್ಟು ಅಡ್ಡ ಬಂದಿತ್ತು.
ಸ್ವಲ್ಪ ಸರಿಸ್ತೀರಾ ಅನ್ನುವಷ್ಟರಲ್ಲಿ ಲಾರಿಗೆ ಇಳಿಸಿದರು.

ಈಗ ಪಾರ್ಕಿನ ಮೂಲೆ, ಹೊಸ ಕಾಂಕ್ರೀಟು.
ಈ ನವೆಂಬರಿನಲ್ಲಿ ಸುಬೇದಾರರು ಬರಲಿಲ್ಲ.
ತಪ್ಪು ಹುಡುಕುವವರಿಲ್ಲದೆ ಕೆಲಸ ಬೇಗ ಮುಗಿಯುತ್ತದೆ.
ಅಂಕೆಗೆ ರೇಟಿಲ್ಲ, ಕಂತ್ರಾಟಿನಲ್ಲಿ ಬರೆದಿರುವುದು ಅಕ್ಷರಕ್ಕೆ ಮಾತ್ರ.
ನಾಲ್ಕಕ್ಕೆ ಒಂದು ಸಲ ಬಳಿಯುತ್ತೇನೆ,
ಒಂದಕ್ಕೆ ಎರಡು ಸಲ.
ಅಲ್ಲಿ ಬಣ್ಣ ನಿಲ್ಲುವುದಿಲ್ಲ;
ಕಲ್ಲು ಬೆರಳಗಲ ಸವೆದಿದೆ.