ಕೆಂಪು ಬುಟ್ಟಿ

ದಿನಾ ಎಂಟು ತಾಸು
ಉದ್ಯಮಬಾಗದಾಗ ಕುಂತು
ಮಂದಿ ಗಾಡಿಯ ಪಿಸ್ಟನ್ ಪಿನ್ನು ಅಳೀತೀನಿ.
ಕೂದಲೆಳಿಯ ಹತ್ತನೇ ಪಾಲು ಹೆಚ್ಚಾದ್ರೂ
ಕೆಂಪು ಬುಟ್ಟಿಗೆ.
ಹದಿನೇಳು ವರ್ಷ ಆತು.
ನಾ ಪಾಸು ಮಾಡಿದ ಎಷ್ಟು ಲಕ್ಷ ಪಿನ್ನು
ಎಲ್ಲೆಲ್ಲಿ ಓಡ್ಯಾಡಾಕತ್ತಾವೊ,
ನಾನಿನ್ನೂ ಸ್ಕೂಟಿ ಮ್ಯಾಲ.

ಈಗ ಚೀಟಿಯೊಳಗ ಎರಡು ಗಾಡಿ ಉಳದಾವು.

ಒಂದು ಕೆಂಪಂದು.
ಕುಂತ್ರ ನೆಲಕ್ಕ ಕುಂತಂಗ.
ಸ್ಟೇರಿಂಗು ಬೆರಳ ತುದಿಯ ಮಾತು ಕೇಳತೈತಿ,
ಮೂರನೇ ಗೇರಿನಾಗ ಒತ್ತಿದ್ರ
ಎದಿಯೊಳಗ ಯಾರೋ ಹಲಗಿ ಬಡದಂಗ.
ಆದ್ರ ಡಿಕ್ಕಿ ಅಂಬೂದು
ಎರಡು ತಂಬಿಗಿ, ಒಂದು ಚಾಪಿಗೆ ಮುಗೀತು.
ಟೈರಿನ ಅಂಚು ಕಡಕ್ ರೊಟ್ಟಿಯಷ್ಟು ತೆಳ್ಳಗ,
ಖಾನಾಪುರ ರಸ್ತೆಯ ಒಂದು ತಗ್ಗಿಗೆ
ಅರ್ಧ ತಿಂಗಳ ಪಗಾರ.

ಇನ್ನೊಂದು ಬೂದಿ ಬಣ್ಣದ್ದು.
ಇದೂ ಓಡತೈತಿ, ಇಲ್ಲ ಅನ್ನಂಗಿಲ್ಲ,
ಒತ್ತಿದ್ರ ಮದಲ ಒಂದೀಟು ವಿಚಾರ ಮಾಡತೈತಿ,
ಚಾ ಮಾಡಲೇನ್ರಿ ಅಂದಾಗ ನಮ್ಮ ಮನಿಯವರು ಮಾಡಿದಂಗ,
ಆಮ್ಯಾಲ ಒಮ್ಮೆಲೇ ಜಿಗೀತೈತಿ.
ತಗ್ಗು ನುಂಗತೈತಿ. ಹಿಂದ ಮೂರು ಮಂದಿ.
ಡಿಕ್ಕಿಯೊಳಗ ಜ್ವಾಳದ ಚೀಲ ಅಡ್ಡ ಮಲಗತೈತಿ.
ತಿರುವಿನಾಗ ಮಾತ್ರ
ನಿದ್ದಿಗಣ್ಣಾಗ ಮಗ್ಗಲಾ ಬದಲಿಸಿದಂಗ
ಸಾವಕಾಶ ವಾಲತೈತಿ.

ಮನಿಯವರು ಹಾಳಿ ಮ್ಯಾಲ ಗೆರಿ ಹೊಡದ್ರು.
ಮೈಲೇಜು, ವಿಮಾ, ಸರ್ವಿಸಿನ ಖರ್ಚು,
ಐದು ವರ್ಷ ಬಿಟ್ಟು ಮಾರಿದ್ರ ಎಷ್ಟು.
ಕೆಂಪಂದು ಎಲ್ಲಾ ಸಾಲಿನಾಗೂ ಸೋತಿತ್ತು.
'ಖುಷಿ' ಅಂತ ಒಂದು ಸಾಲು ಬರೀರಿ ಅಂದೆ.
ಬರದ್ರು. ಮಾರ್ಕು ಎಷ್ಟು ಹಾಕಲಿ ಅಂದ್ರು.
ಮೈಕ್ರೋಮೀಟರ್ ಹಿಡಿಯೂ ಹೆಂಗಸು ನಾನು,
ಬಾಯಿ ಬರಲಿಲ್ಲ.

ಐತವಾರ ಮುಂಜಾನೆ ಜಾಂಬೋಟಿ ರಸ್ತೆ.
ಶೋರೂಮಿನ ಹುಡುಗ ವೈಭವ ಬಾಜೂಕ,
ಸೀಟಿನ ಅಂಚು ಹಿಡಕೊಂಡು.
ಒಂದು ತಿರುವು. ಬ್ರೇಕು, ಎರಡನೇ ಗೇರು, ಬಿಟ್ಟೆ.
ಕೆಂಪಂದು ಕಂಪಾಸಿನಾಗ ಗೆರಿ ಎಳದಂಗ ತಿರುಗಿತು,
ನಾ ಎಲ್ಲಿ ನೋಡಿದ್ನೋ ಅಲ್ಲೇ.
ಅದರ ಹೊಟ್ಟಿಯೊಳಗ ನಾ ಅಳದ ಪಿನ್ನು
ಇದ್ದರೂ ಇದ್ದೀತು.

ಬರೂಮುಂದ ಟಿಳಕವಾಡಿಯ ಎರಡನೇ ಗೇಟು ಬಿದ್ದಿತ್ತು.
ಅಲ್ಲಿ ಕೆಂಪಂದಕ್ಕೂ ಕಬ್ಬಿನ ಟ್ರ್ಯಾಕ್ಟರಿಗೂ ಒಂದ ವೇಗ.
ಮಿರಜ ಕಡೆ ಹೊಂಟ ಗೂಡ್ಸಿನ ಡಬ್ಬಿ ಎಣಿಸಿದೆ,
ಐವತ್ತೆಂಟು.
ಕ್ಲಚ್ಚು ಬಿರಸು, ಎಡಗಾಲು ಬ್ಯಾನಿ.
ಜಾಂಬೋಟಿಗೆ ವರ್ಷಕ್ಕ ನಾಕು ಸರತಿ,
ಈ ಗೇಟಿಗೆ ದಿನಾ ಎರಡು ಸರತಿ.
ಈ ಲೆಕ್ಕ ಮನಿಯವರಿಗೆ ಹೇಳಲಿಲ್ಲ.

ಉಳದದ್ದು ಅತ್ತಿಯ ಮಣಕಾಲಿನ ಪರೀಕ್ಷಾ.
ಕೆಂಪಂದರ ಹಿಂದಿನ ಸೀಟಿಗೆ
ಮದಲ ತಲಿ ಹಾಕಿದ್ರು, ಆಮ್ಯಾಲ ಒಂದು ಕಾಲು,
ಆಮ್ಯಾಲ ದೇವರ ಹೆಸರು.
ಇಳಸೂಮುಂದ ಮೂರು ಮಂದಿ ಜಗ್ಗಿದ್ವಿ.
"ಬಾಂವಿಗೆ ಬಿದ್ದ ಕೊಡ ತಗದಂಗ ತಗದ್ರಲ್ಲ"
ಅಂತ ಸೆರಗು ಸರಿ ಮಾಡಿಕೊಂಡ್ರು.
ಆತು, ಬೂದಿ ಬಣ್ಣದ್ದ ಗತಿ ಅಂದುಕೊಂಡೆ.
ವೈಭವ ಫಾರ್ಮು ತಗದ.
ಅತ್ತಿ ಗಾಡಿ ಸುತ್ತ ಒಂದು ಸುತ್ತು ಹಾಕಿ
ಮುಂದಿನ ಬಾಗಿಲಕ್ಕ ಬಂದು ನಿಂತ್ರು:
"ಹಿಂದ ಕುಂದ್ರಾಕ ನಾನೇನು ಸಾಮಾನೇನು?
ಇಲ್ಲಿ ಕುಂದ್ರತೀನಿ.
ಅಂವಾ ಹಿಂದ ಮಡಚಿಕೊಳ್ಳಲಿ."

ಮನಿಯವರು ಹಾಳಿ ನೋಡಿಕೊಂಡ್ರು.
ಅದರಾಗ ಆ ಸಾಲು ಇರಲಿಲ್ಲ.

ಈಗ ಜ್ವಾಳದ ಚೀಲ ಸ್ಕೂಟಿ ಮ್ಯಾಲ ಬರತೈತಿ,
ಮಾರಲಿಲ್ಲ ಅದನ್ನ.
ಮಚ್ಛೆಯ ಹಂಪು ಬಂತಂದ್ರ ಗಾಡಿ ಓರೆ ಮಾಡತೀನಿ,
ಹೆಂಗ ಮಾಡಿದ್ರೂ ಒಂದು ಕಡೆ
ಕರ್ರ್ ಅಂತೈತಿ.
"ಹೊಟ್ಟಿ ಮುಟ್ಟಿತೇನು ಪಾಪ" ಅಂತಾರ ಅತ್ತಿ,
ಡ್ಯಾಶ್‌ಬೋರ್ಡ್ ಸವರಿ.
ಹಿಂದಿನಿಂದ ಎರಡು ಮಣಕಾಲು
ನನ್ನ ಬೆನ್ನಿಗೆ ಒತ್ತತಾವು.

ನೆಲಕ್ಕೂ ಅದಕ್ಕೂ ಎಷ್ಟು ಮಿಲ್ಲಿ ಕಡಿಮಿ ಬಿದ್ದೈತಿ
ಅಂತ ಅಳದೀನಿ.
ಪಾಸು ಆಗೂದಿಲ್ಲ.