ಒಂದು ಫುಲ್

ವೇಬಿಲ್ಲಿನ ಬೆನ್ನ ಮೇಲೆ ಬರೆದಿಟ್ಟಿದ್ದೇನೆ:
ಚಿಂತಾಮಣಿ, ದೇವನಹಳ್ಳಿ, ಬ್ಯಾಂಕಾಕು,
ಅಲ್ಲಿಂದ ರಾತ್ರಿ ಬಸ್ಸು ಚಿಯಾಂಗ್ ಖೋಂಗಿಗೆ,
ಸೇತುವೆ ದಾಟಿದರೆ ಲಾವೋಸು.
ಸ್ಟೇಜು ನಾಲ್ಕು. ಚಾರ್ಜು ಇನ್ನೂ ಸರಿಯಾಗಿ ಗೊತ್ತಿಲ್ಲ.

ಲಾವೋಸೇ ಯಾಕೆ, ಅಂದ ಡ್ರೈವರ್ ಪಿಳ್ಳಾರೆಡ್ಡಿ,
ಗೇರು ಬದಲಿಸುತ್ತ, ಕನ್ನಡಿಯೊಳಗೆ ನನ್ನ ನೋಡುತ್ತ.
ದುಬೈ ಇದೆ, ಸಿಂಗಪೂರ್ ಇದೆ,
ಹೆಸರು ಹೇಳಿದರೆ ನಾಲ್ಕು ಜನಕ್ಕೆ ತಿಳಿಯೋ ಊರು.
ಅಲ್ಲಿ ನದಿ ಇದೆಯಂತೆ, ಅಂದೆ.
ಹಾರನ್ ಒತ್ತಿದ. ಎದುರಿನ ಎಮ್ಮೆಗೋ, ನನಗೋ.

ನಂದಿಯಲ್ಲಿ ಹುಟ್ಟುವ ನದಿಗಳು ಐದು
ಅಂತ ಏಳನೇ ಕ್ಲಾಸಿನಲ್ಲಿ ಬರೆದು
ಐದಕ್ಕೆ ಐದು ಅಂಕ ತಗೊಂಡವಳು ನಾನು.
ಹದಿನಾರು ವರ್ಷದಿಂದ ಹೋಗುತ್ತ ಬರುತ್ತ
ಅವುಗಳಲ್ಲಿ ಒಂದರ ಸೇತುವೆ ದಾಟುತ್ತೇನೆ.
ಯಾವುದೆಂದು ಕೇಳಬೇಡಿ.
ಕೆಳಗೆ ಜಾಲಿ, ಪ್ಲಾಸ್ಟಿಕ್ಕು, ಮೂರು ಕಡ್ಡಿಯ ವಿಕೆಟ್ಟು.
ಮೆಕಾಂಗಿನ ಮೇಲೆ ದೋಣಿ ಎರಡು ಹಗಲು ಹೋಗುತ್ತದಂತೆ,
ನಡುವೆ ಪಾಕ್‌ಬೆಂಗ್ ಎಂಬಲ್ಲಿ ನೈಟ್ ಹಾಲ್ಟು.
ನೈಟ್ ಹಾಲ್ಟು ನನಗೆ ಹೊಸದಲ್ಲ:
ಸೊಳ್ಳೆ, ಕೂರದ ಚಿಲಕ, ತಲೆಯಡಿ ಕ್ಯಾಶ್ ಬ್ಯಾಗು.
ಅಲ್ಲಿ ಬೆಳಿಗ್ಗೆ ಎದ್ದು
ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಅಸಲು ಶುರುವಾದದ್ದು ಅಕ್ಕಯ್ಯಮ್ಮನಿಂದ.
ಶಿಡ್ಲಘಟ್ಟದಲ್ಲಿ ಹತ್ತಿದಳು, ಗೂಡು ಬೇಯುವ ವಾಸನೆ ಸಮೇತ.
ಆಧಾರ್ ತೋರಿಸಿದಳು, ಹೆಸರು ತಿಳಿದದ್ದು ಹಾಗೆ.
ಎಲ್ಲಿಗಮ್ಮಾ?
ಇದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ.
ಯಾರಿದ್ದಾರೆ ಅಲ್ಲಿ?
ಯಾರಿರಬೇಕು?
ಸೊನ್ನೆ ರೂಪಾಯಿ ಟಿಕೇಟು ಹರಿದುಕೊಟ್ಟೆ.
ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಕಡಲೆಕಾಯಿ ಸುಲಿಯುತ್ತ
ಚಿಕ್ಕಬಳ್ಳಾಪುರವನ್ನು ಬಸ್ಸಿನೊಳಗಿಂದಲೇ ನೋಡಿ
ಇಳಿಯದೆ, ಅದೇ ಸೀಟಿನಲ್ಲಿ ವಾಪಸ್ಸು ಬಂದಳು.
ಎರಡನೇ ಟಿಕೇಟು ಒತ್ತುವಾಗ
ನನ್ನ ಬೆರಳು ಮೆಷಿನ್ನಿನ ಮೇಲೆ ಒಂದು ಗಳಿಗೆ ನಿಂತಿತು.

ಮನೆಯವರು ಪಾಂಪ್ಲೆಟ್ ತಂದರು:
ಏಳು ದಿನ, ನಾಲ್ಕು ದೇಶ, ಜೊತೆಗೆ ಅಡುಗೆಯವರು,
ಬೆಳಿಗ್ಗೆ ಉಪ್ಪಿಟ್ಟು ಗ್ಯಾರಂಟಿ.
ನಾನ್‌ಸ್ಟಾಪ್ ಬಸ್ಸಿದು, ಅಂದೆ,
ಕೈ ಅಡ್ಡ ಹಾಕಿದರೂ ನಿಲ್ಲಲ್ಲ.

ಡಿಪೋ ಮ್ಯಾನೇಜರು ಫಾರಂ ಮುಂದೆ ತಳ್ಳಿದರು.
ಹೋಗುವ ದೇಶ, ರಜೆಯ ದಿನ, ಜೊತೆಗೆ ಬರುವವರು,
ಪ್ರಯಾಣದ ಉದ್ದೇಶ.
ಜೊತೆ ಅನ್ನೋ ಕಡೆ ಗೆರೆ ಎಳೆದೆ.
ಉದ್ದೇಶದ ಹತ್ತಿರ ಪೆನ್ನು ಆಡಲಿಲ್ಲ.
ದೇವರ ದರ್ಶನ ಅಂತ ಬರೀಮ್ಮ, ಅಂದರು, ಒಳ್ಳೆಯವರೇ,
ಬುದ್ಧ ಇದ್ದಾನಲ್ಲ ಅಲ್ಲಿ, ಬೇಗ ಸಹಿ ಬೀಳುತ್ತೆ.

ಆ ಕಡೆ ನೂಲು ಬಿಚ್ಚಿದ ಮೇಲೆ ಉಳಿದ ಹುಳ
ಹುರಿದು, ಉಪ್ಪು ಖಾರ ಉದುರಿಸಿ ತಿನ್ನುತ್ತಾರಂತೆ.
ಶಾಹೀನಾಳ ಅಣ್ಣ, ಶಿಡ್ಲಘಟ್ಟದ ರೀಲರು, ನಂಬಲಿಲ್ಲ:
ನಾವು ಮೂಟೆಗಟ್ಟಲೆ ಮೀನಿನ ಮೇವಿಗೆ ಕೊಡೋದನ್ನಾ?
ಕಿಲೋ ಎಷ್ಟು ಅಂತ ಕೇಳ್ಕೊಂಡು ಬಾ ಅಕ್ಕಾ.
ಅದನ್ನೇ ಬರೆದೆ ಫಾರಮ್ಮಿನಲ್ಲಿ: ರೇಟು ವಿಚಾರಿಸುವುದು.

ಚೀಟಿ ಎತ್ತಿದ್ದು ಎಪ್ಪತ್ತು ಸಾವಿರ,
ಅಲ್ಲಿಯ ದುಡ್ಡಲ್ಲಿ ಕೋಟಿ ದಾಟುತ್ತದೆ.
ಎರಡು ರೂಪಾಯಿ ಚಿಲ್ಲರೆಗೆ ಗಂಟಲು ಹರಿದುಕೊಂಡವಳಿಗೆ
ಐದು ಸಾವಿರದ ನೋಟೇ ಚಿಲ್ಲರೆ!

ಕಷ್ಟ ಒಂದೇ. ಕೂತು ಅಭ್ಯಾಸವಿಲ್ಲ.
ನಿನ್ನೆ ಡ್ಯೂಟಿ ಮುಗಿಸಿ, ಸೀರೆ ಬದಲಿಸಿ,
ಬೇರೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ, ಪ್ರಾಕ್ಟೀಸಿಗೆ.
ಎಪಿಎಂಸಿ ಯಾರ್ಡು ದಾಟುವಷ್ಟರಲ್ಲಿ ಎದ್ದು ನಿಂತಿದ್ದೆ,
ಒಳಗೆ ಹೋಗಿ, ಹಿಂದೆ ಜಾಗ ಇದೆ, ಎನ್ನುತ್ತ.
ಕಂಡಕ್ಟರ್ ಹುಡುಗ ತಿರುಗಿ ನೋಡಿದ.
ಮೇಡಂ, ಕೂತ್ಕೊಳ್ಳಿ. ಎಲ್ಲಿಗೆ?

ಕೂತೆ.
ಕೈಗೆ ಏನು ಕೆಲಸ ಕೊಡಬೇಕೋ ತಿಳಿಯದೆ
ಕಿಟಕಿಯಾಚೆಯ ಬುಟ್ಟಿಯಿಂದ
ಹತ್ತು ರೂಪಾಯಿ ಕಡಲೆಕಾಯಿ ಕೊಂಡೆ.